ಪರದೇಶಕ್ಕೆ ಪಂದ್ಯ ನೋಡಲು ಹೊರಟವರಿಗೆ: ಟಿಕೆಟ್‌ನಿಂದ ಹಿಡಿದು ಕೊನೆಯ ರೈಲಿನವರೆಗೆ

ಟಿವಿಯಲ್ಲಿ ಪಂದ್ಯ ಚೆನ್ನಾಗಿಯೇ ಕಾಣುತ್ತದೆ. ರೀಪ್ಲೇ ಇದೆ, ಹತ್ತಿರದ ಕ್ಯಾಮೆರಾ ಇದೆ, ಮಧ್ಯದಲ್ಲಿ ಎದ್ದು ಹೋಗಿ ಬಂದರೂ ಯಾರೂ ಬೈಯುವುದಿಲ್ಲ. ಆದರೂ ಒಂದು ಸಲ ಅಲ್ಲೇ ಹೋಗಿ ಕೂತು ನೋಡಬೇಕು ಅನ್ನುವ ಹುಳು ತಲೆಗೆ ಹೊಕ್ಕರೆ ಅದು ಸುಲಭಕ್ಕೆ ಹೊರಗೆ ಬರುವುದಿಲ್ಲ. ಹುಳು ಹೊಕ್ಕ ಕೂಡಲೇ ಜನ ಮಾಡುವ ಮೊದಲ ತಪ್ಪು ಯಾವುದು ಗೊತ್ತಾ? ಅಗ್ಗಕ್ಕೆ ಸಿಕ್ಕಿತು ಅಂತ ವಿಮಾನ ಬುಕ್ ಮಾಡಿಬಿಡುವುದು.

ನಾನೂ ಮಾಡಿದ್ದೇನೆ. ಶನಿವಾರದ ಫುಟ್‌ಬಾಲ್ ಪಂದ್ಯ ಅಂತ ನಂಬಿ ಭಾನುವಾರ ಬೆಳಿಗ್ಗೆ ವಾಪಸ್ ವಿಮಾನ ಇಟ್ಟುಕೊಂಡಿದ್ದೆ. ಪಂದ್ಯ ಭಾನುವಾರ ಸಂಜೆಗೆ ಹೋಯಿತು. ಮನೆಗೆ ಬಂದಿಳಿದು ಫೋನಿನಲ್ಲಿ ಸ್ಕೋರ್ ನೋಡಿದೆ.

ಸುಮ್ನೆ ಊರು ನೋಡುವ ಪ್ರವಾಸಕ್ಕೂ ಪಂದ್ಯದ ಪ್ರವಾಸಕ್ಕೂ ಇರುವ ವ್ಯತ್ಯಾಸ ಇಷ್ಟೇ. ಕೋಟೆ, ಕಡಲು ಎಲ್ಲೂ ಹೋಗುವುದಿಲ್ಲ, ನಾಳೆ ಹೋದರೂ ಅಲ್ಲೇ ಇರುತ್ತವೆ. ಪಂದ್ಯದ ತಾರೀಕು ಮಾತ್ರ ನಿಮ್ಮ ಕೈಯಲ್ಲಿಲ್ಲ. ಅದು ಟಿವಿಯವರ ಕೈಯಲ್ಲಿದೆ, ಮಳೆಯ ಕೈಯಲ್ಲಿದೆ, ಡ್ರಾ ಎತ್ತುವವರ ಕೈಯಲ್ಲಿದೆ. ಹಾಗಾಗಿ ಕೆಳಗಿನ ಕೆಲಸಗಳನ್ನು ಇದೇ ಕ್ರಮದಲ್ಲಿ ಮಾಡಿ. ಒಂದನ್ನು ಹಾರಿಸಿದರೆ ದುಡ್ಡು ಎಲ್ಲೋ ಒಂದು ಕಡೆ ಸೋರುತ್ತದೆ.

ಹಂತ 1: ತಾರೀಕು ಎಷ್ಟು ಗಟ್ಟಿ ಅಂತ ಮೊದಲು ನೋಡಿ

ಕೆಲವು ಪಂದ್ಯಗಳ ತಾರೀಕು ಕಲ್ಲಿನಷ್ಟು ಗಟ್ಟಿ. ಒಲಿಂಪಿಕ್ಸ್, ವಿಶ್ವಕಪ್, ಗ್ರ್ಯಾಂಡ್ ಸ್ಲಾಮ್ ಟೆನಿಸ್, ಫಾರ್ಮುಲಾ 1 ರೇಸ್‌ಗಳ ದಿನಗಳು ಬಹಳ ಮುಂಚೆಯೇ ಗೊತ್ತಾಗುತ್ತವೆ. ಮೆಲ್ಬರ್ನ್ ಕ್ರಿಕೆಟ್ ಮೈದಾನದ ಬಾಕ್ಸಿಂಗ್ ಡೇ ಟೆಸ್ಟ್ ಡಿಸೆಂಬರ್ 26ಕ್ಕೇ ಶುರು, ಅದಕ್ಕೆ ಕ್ಯಾಲೆಂಡರ್ ನೋಡುವುದೂ ಬೇಡ. ಮೊದಲ ಸಲ ಹೋಗುವವರಿಗೆ ನಾನು ಇಂಥದ್ದನ್ನೇ ಆರಿಸಿಕೊಳ್ಳಿ ಅನ್ನುತ್ತೇನೆ.

ಲೀಗ್ ಫುಟ್‌ಬಾಲ್ ಇದಕ್ಕೆ ತದ್ವಿರುದ್ಧ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನ ಇಡೀ ಸೀಸನ್‌ನ ಪಟ್ಟಿ ಸಾಮಾನ್ಯವಾಗಿ ಜೂನ್‌ನಲ್ಲೇ ಬರುತ್ತದೆ, ಅದರಲ್ಲಿ ಹೆಚ್ಚಿನವು ಶನಿವಾರ ಮಧ್ಯಾಹ್ನ 3 ಗಂಟೆ ಅಂತಲೇ ಇರುತ್ತವೆ. ಅದನ್ನು ನೋಡಿ ಖುಷಿಪಡಬೇಡಿ. ಆಮೇಲೆ ಟಿವಿ ಕಂಪನಿಗಳು ತಮಗೆ ಬೇಕಾದ ಪಂದ್ಯಗಳನ್ನು ಆರಿಸಿಕೊಂಡು ಶುಕ್ರವಾರ ರಾತ್ರಿಗೋ, ಭಾನುವಾರಕ್ಕೋ, ಸೋಮವಾರಕ್ಕೋ ತಳ್ಳುತ್ತವೆ. ದೊಡ್ಡ ತಂಡದ ಪಂದ್ಯವಾದರೆ ಜರುಗುವ ಸಾಧ್ಯತೆ ಜಾಸ್ತಿ, ಯಾಕೆಂದರೆ ಟಿವಿಯವರಿಗೆ ಬೇಕಾಗುವುದೂ ಅದೇ ಅಲ್ವಾ? ಸ್ಪೇನ್‌ನ ಲಾ ಲಿಗಾದಲ್ಲೂ ಇದೇ ಕಥೆ. ಪಂದ್ಯ ಯಾವ ವಾರಾಂತ್ಯ ಅಂತ ಗೊತ್ತಿರುತ್ತದೆ, ದಿನ ಮತ್ತು ಗಂಟೆ ಹತ್ತಿರ ಬಂದ ಮೇಲೆ ಗೊತ್ತಾಗುತ್ತದೆ. ಲೀಗ್ ಪಂದ್ಯಕ್ಕೆ ಹೋಗುವವರು ಶುಕ್ರವಾರದಿಂದ ಮಂಗಳವಾರದವರೆಗೆ ಅದೇ ಊರಿನಲ್ಲಿ ಇರುವ ಹಾಗೆ ಲೆಕ್ಕ ಹಾಕಿ. ಪಂದ್ಯ ಯಾವತ್ತಿದ್ದರೂ ಸಿಗುತ್ತದೆ.

ಸೋತವರು ಕೂಟದಿಂದಲೇ ಹೊರಬೀಳುವ ನಾಕೌಟ್ ಪಂದ್ಯಗಳದು ಇನ್ನೊಂದು ತರಲೆ. ದಿನ ಗಟ್ಟಿ, ಮೈದಾನ ಗಟ್ಟಿ, ಆಡುವವರು ಯಾರು ಅನ್ನುವುದೇ ಗೊತ್ತಿರುವುದಿಲ್ಲ. ಹಾಗಾಗಿ ನಿಮ್ಮನ್ನು ನೀವೇ ಒಂದು ಪ್ರಶ್ನೆ ಕೇಳಿಕೊಳ್ಳಿ. ನೀವು ತಂಡ ನೋಡಲು ಹೋಗುತ್ತಿದ್ದೀರೋ, ಆಟ ನೋಡಲು ಹೋಗುತ್ತಿದ್ದೀರೋ? ತಂಡಕ್ಕೋಸ್ಕರ ಆದರೆ ಗುಂಪಿನ ಹಂತದ ಪಂದ್ಯಗಳೇ ಸರಿ, ಅಲ್ಲಿ ನಿಮ್ಮ ತಂಡ ಆಡುವುದು ಗ್ಯಾರಂಟಿ. ಟೆನಿಸ್‌ನಲ್ಲಿ ಯಾರು ಯಾವ ಕೋರ್ಟ್‌ನಲ್ಲಿ ಆಡುತ್ತಾರೆ ಅನ್ನುವುದು ಹಿಂದಿನ ದಿನ ಸಂಜೆ ಗೊತ್ತಾಗುತ್ತದೆ. ಒಬ್ಬನೇ ಆಟಗಾರನನ್ನು ನೋಡಬೇಕು ಅಂತ ಒಂದೇ ದಿನದ ಟಿಕೆಟ್ ಇಟ್ಟುಕೊಂಡು ಹೋದರೆ ಅದು ಜೂಜು.

ಮಳೆ ಮರೆಯಬೇಡಿ. 2019ರ ಕ್ರಿಕೆಟ್ ವಿಶ್ವಕಪ್‌ನ ಮೊದಲ ಸೆಮಿಫೈನಲ್ ಮ್ಯಾಂಚೆಸ್ಟರ್‌ನಲ್ಲಿ ಜುಲೈ 9ಕ್ಕೆ ಶುರುವಾಗಿ, ಮಳೆಗೆ ನಿಂತು, ಮಾರನೇ ದಿನ ಮುಗಿಯಿತು. ಅವತ್ತೇ ರಾತ್ರಿ ಊರು ಬಿಡಬೇಕಿದ್ದವರಿಗೆ ಅರ್ಧ ಪಂದ್ಯ ಅಷ್ಟೇ. ಮೀಸಲು ದಿನ ಇರುವ ಪಂದ್ಯಕ್ಕೆ ಹೋಗುವುದಾದರೆ ಆ ದಿನವೂ ಪಂದ್ಯದ ದಿನವೇ ಅಂತ ತಿಳಿದುಕೊಳ್ಳಿ.

ಹಂತ 2: ಪಂದ್ಯದ ಟಿಕೆಟ್

ಇದು ಸಿಗುವವರೆಗೆ ಮತ್ಯಾವುದಕ್ಕೂ ವಾಪಸ್ ಬರದ ದುಡ್ಡು ಕಟ್ಟಬೇಡಿ. ನಾನು ಜಾಸ್ತಿ ಹೊತ್ತು ನಿಲ್ಲುವುದು ಈ ಹಂತದಲ್ಲೇ, ಯಾಕೆಂದರೆ ಜನ ಮೋಸ ಹೋಗುವುದೂ ಇಲ್ಲೇ.

ದೊಡ್ಡ ಕೂಟಗಳಿಗೆ ಹೆಚ್ಚಾಗಿ ಲಾಟರಿ ಇರುತ್ತದೆ, ಅದನ್ನು ಬ್ಯಾಲಟ್ ಅನ್ನುತ್ತಾರೆ. ಹೆಸರು ಕೊಟ್ಟು ಕಾಯಬೇಕು. ಲಂಡನ್ನಿನ ವಿಂಬಲ್ಡನ್ ಟೆನಿಸ್ ಕೂಟದಲ್ಲಿ ಈ ಪದ್ಧತಿ 1924ರಿಂದ ಇದೆ. ಅಲ್ಲಿ ದಿನ, ಕೋರ್ಟ್ ಎರಡೂ ನಿಮ್ಮ ಆಯ್ಕೆಯಲ್ಲ, ಬಂದದ್ದನ್ನು ತೆಗೆದುಕೊಳ್ಳಬೇಕು ಅಥವಾ ಬಿಡಬೇಕು. ಲಾಟರಿಗೆ ಹೆಸರು ಕೊಡುವ ಗಡುವು ಪಂದ್ಯಕ್ಕಿಂತ ಎಷ್ಟೋ ತಿಂಗಳು ಮುಂಚೆಯೇ ಮುಗಿದಿರುತ್ತದೆ. ಆದ್ದರಿಂದ ಮುಂದಿನ ವರ್ಷ ಹೋಗುವ ಆಸೆ ಇದ್ದರೂ ಇವತ್ತೇ ಅಧಿಕೃತ ವೆಬ್‌ಸೈಟಿನಲ್ಲಿ ಖಾತೆ ತೆರೆದು ಅವರ ಮೇಲ್‌ಗಳು ಬರುವ ಹಾಗೆ ಮಾಡಿಕೊಳ್ಳಿ. ಖರ್ಚಿಲ್ಲದ ಕೆಲಸ, ಆದರೂ ಮುಕ್ಕಾಲು ಜನ ಮಾಡುವುದಿಲ್ಲ.

ಲಾಟರಿ ಹತ್ತಲಿಲ್ಲವಾ? ವಿಂಬಲ್ಡನ್‌ಗೆ ಇನ್ನೊಂದು ಬಾಗಿಲಿದೆ, ಸರತಿ ಸಾಲು. ಸೆಂಟರ್ ಕೋರ್ಟ್, ನಂಬರ್ 1, ನಂಬರ್ 2 ಕೋರ್ಟ್‌ಗಳಿಗೆ ತಲಾ ಸುಮಾರು 500 ಟಿಕೆಟ್‌ಗಳನ್ನು ಅದೇ ದಿನ ಸಾಲಿನಲ್ಲಿ ನಿಂತವರಿಗೆ ಮಾರುತ್ತಾರೆ. ಸೆಂಟರ್ ಕೋರ್ಟ್‌ಗೆ ಮಾತ್ರ ಕೊನೆಯ ನಾಲ್ಕು ದಿನ ಇದು ಇರುವುದಿಲ್ಲ. ಒಳ್ಳೆಯ ಕೋರ್ಟ್ ಬೇಕು ಅನ್ನುವವರು ಹಿಂದಿನ ದಿನವೇ ಬಂದು ಪಕ್ಕದ ಪಾರ್ಕಿನಲ್ಲಿ ಟೆಂಟ್ ಹಾಕಿ ಮಲಗುತ್ತಾರೆ. ಸಾಲಿಗೆ ಸೇರಿದ ಕೂಡಲೇ ಕೈಗೆ ಒಂದು ನಂಬರಿನ ಚೀಟಿ ಬರುತ್ತದೆ, ಅದನ್ನು ಬೇರೆಯವರಿಗೆ ಕೊಡುವ ಹಾಗಿಲ್ಲ, ಒಬ್ಬರಿಗೆ ಒಂದೇ ಟಿಕೆಟ್. ಬೆಳಗಿನ ಜಾವ ಬಂದವರಿಗೆ ಮೈದಾನದೊಳಗೆ ಓಡಾಡುವ ಗ್ರೌಂಡ್ ಪಾಸ್ ಆದರೂ ಸಿಗುವ ಸಾಧ್ಯತೆ ಇದೆ. ಮೊದಲ ವಾರದಲ್ಲಿ ಈ ಪಾಸ್ ಬಂಗಾರ. ಸಣ್ಣ ಕೋರ್ಟ್‌ಗಳ ಬೇಲಿ ಪಕ್ಕದಲ್ಲಿ ನಿಂತರೆ ಆಟಗಾರ ತನಗೆ ತಾನೇ ಬೈದುಕೊಳ್ಳುವುದೂ ಕೇಳಿಸುತ್ತದೆ. ಎರಡನೇ ವಾರಕ್ಕೆ ಒಳ್ಳೆಯ ಪಂದ್ಯಗಳೆಲ್ಲ ದೊಡ್ಡ ಕೋರ್ಟ್‌ಗೆ ಹೋಗಿಬಿಡುತ್ತವೆ.

ದೊಡ್ಡ ಫುಟ್‌ಬಾಲ್ ಕ್ಲಬ್‌ಗಳ ಟಿಕೆಟ್ ಸಾಮಾನ್ಯ ಮಾರಾಟಕ್ಕೆ ಬರುವುದೇ ಅಪರೂಪ. ಮೊದಲು ಸದಸ್ಯತ್ವ ತೆಗೆದುಕೊಳ್ಳಬೇಕು, ಆಮೇಲೆ ಸದಸ್ಯರಿಗೆ ಮಾತ್ರ ಇರುವ ಮಾರಾಟದಲ್ಲೋ ಲಾಟರಿಯಲ್ಲೋ ಪ್ರಯತ್ನ ಮಾಡಬೇಕು. ಸದಸ್ಯತ್ವ ಅಂದರೆ ಟಿಕೆಟ್ ಅಲ್ಲ, ಟಿಕೆಟ್ ಕೇಳುವ ಹಕ್ಕು ಅಷ್ಟೇ. ಇಬ್ಬರು ಹೋಗುವುದಾದರೆ ಇಬ್ಬರಿಗೂ ಬೇಕಾಗುತ್ತದೆ. ಪಂದ್ಯ ಹತ್ತಿರ ಬಂದಾಗ ಬರಲಾಗದ ಸೀಸನ್ ಟಿಕೆಟ್‌ನವರು ತಮ್ಮ ಜಾಗವನ್ನು ಕ್ಲಬ್‌ನ ಅಧಿಕೃತ ಮರುಮಾರಾಟದಲ್ಲಿ ಬಿಡುತ್ತಾರೆ. ಬೆಳಿಗ್ಗೆ ನೋಡಿ ಇಲ್ಲ ಅಂತ ಬಿಟ್ಟವರಿಗಿಂತ, ದಿನಕ್ಕೆ ಹತ್ತು ಸಲ ಪುಟ ತೆರೆದು ನೋಡಿದವರಿಗೆ ಟಿಕೆಟ್ ಸಿಕ್ಕಿದ್ದನ್ನು ನಾನು ನೋಡಿದ್ದೇನೆ. ಊಟ ಸೇರಿಸಿ ಕೊಡುವ ಹಾಸ್ಪಿಟಾಲಿಟಿ ಟಿಕೆಟ್ ದುಬಾರಿ, ಆದರೆ ಅಸಲಿ, ಮತ್ತು ಮುಂಚೆಯೇ ಸಿಗುತ್ತದೆ. ಜೀವಮಾನದಲ್ಲಿ ಒಂದೇ ಸಲ ಹೋಗುವವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಕಾಳಸಂತೆಯ ವಿಷಯ ನೇರವಾಗಿ ಹೇಳುತ್ತೇನೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಫುಟ್‌ಬಾಲ್ ಟಿಕೆಟನ್ನು ಅನುಮತಿ ಇಲ್ಲದೆ ಮರುಮಾರಾಟ ಮಾಡುವುದು 1994ರ ಕಾನೂನಿನ ಪ್ರಕಾರ ಅಪರಾಧ. ಮಾರುವವನ ಕಥೆ ಹಾಗಿರಲಿ, ಅಂಥ ಟಿಕೆಟನ್ನು ಕ್ಲಬ್ ರದ್ದು ಮಾಡಿದರೆ ಗೇಟಿನ ಹೊರಗೆ ನಿಲ್ಲುವವರು ನೀವು. ಸೋಶಿಯಲ್ ಮೀಡಿಯಾದಲ್ಲಿ ‘ನನ್ನ ಗೆಳೆಯನಿಗೆ ಬರಲಾಗುತ್ತಿಲ್ಲ, ಅಸಲು ಬೆಲೆಗೇ ಕೊಡುತ್ತೇನೆ’ ಅನ್ನುವವರು ತುಂಬಾ ಇದ್ದಾರೆ. ಒಂದು ಸುಲಭದ ಪರೀಕ್ಷೆ ಇದೆ. ಅಧಿಕೃತ ಆ್ಯಪ್ ಮೂಲಕ ನಿಮ್ಮ ಖಾತೆಗೆ ಟಿಕೆಟ್ ವರ್ಗಾಯಿಸಿ ಅಂತ ಕೇಳಿ. ಆಗಲ್ಲ, ಸ್ಕ್ರೀನ್‌ಶಾಟ್ ಕಳಿಸುತ್ತೇನೆ ಅಂದರೆ ಅಲ್ಲಿಗೇ ಮಾತು ಮುಗಿಸಿ. ಈಗ ಬಹಳಷ್ಟು ಕಡೆ ಕ್ಯೂಆರ್ ಕೋಡ್ ಕ್ಷಣಕ್ಷಣಕ್ಕೂ ಬದಲಾಗುತ್ತದೆ, ಸ್ಕ್ರೀನ್‌ಶಾಟ್‌ಗೆ ಗೇಟ್ ತೆರೆಯುವುದಿಲ್ಲ. ದುಡ್ಡನ್ನು ನೇರ ವರ್ಗಾವಣೆ ಮಾಡದೆ ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿ, ಮೋಸ ಆದರೆ ಬ್ಯಾಂಕಿಗೆ ದೂರು ಕೊಟ್ಟು ವಾಪಸ್ ಕೇಳಲು ಒಂದು ದಾರಿ ಇರುತ್ತದೆ.

ಟಿಕೆಟ್ ಮೇಲೆ ಹೆಸರು ಕೇಳಿದರೆ ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೆಯೇ ಬರೆಯಿರಿ. ಮನೆಯ ಹೆಸರು, ಅಡ್ಡಹೆಸರು ಬೇಡ.

ಯಾವ ಸೀಟು ಅಂತ ಆರಿಸುವ ಅವಕಾಶ ಸಿಕ್ಕರೆ ಎರಡು ಮಾತು. ಕ್ರಿಕೆಟ್‌ನಲ್ಲಿ ಚೆಂಡು ಎಷ್ಟು ತಿರುಗಿತು, ಎಷ್ಟು ಸ್ವಿಂಗ್ ಆಯಿತು ಅಂತ ನೋಡಬೇಕಾದರೆ ಬೌಲರ್‌ನ ಹಿಂದೆ ಕೂರಬೇಕು, ಪಕ್ಕದಿಂದ ಅದು ಕಾಣುವುದಿಲ್ಲ. ಫುಟ್‌ಬಾಲ್‌ನಲ್ಲಿ ಗೋಲಿನ ಹಿಂದಿನ ಜಾಗ ಹಾಡು, ಗಲಾಟೆಗೆ. ಆಟ ಅರ್ಥವಾಗಬೇಕಾದರೆ ಉದ್ದದ ಬದಿಯಲ್ಲಿ ಸ್ವಲ್ಪ ಮೇಲೆ. ಎಲ್ಲರೂ ಮೊದಲ ಸಾಲಿಗೆ ಬಡಿದಾಡುತ್ತಾರೆ, ನನಗೆ ಅದು ಬೇಡವೇ ಬೇಡ, ಅಲ್ಲಿಂದ ಆಚೆ ಬದಿಯಲ್ಲಿ ಏನಾಗುತ್ತಿದೆ ಅಂತ ಗೊತ್ತಾಗುವುದಿಲ್ಲ. ಬಿಸಿಲನ್ನೂ ನೋಡಿಕೊಳ್ಳಿ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನಂಥ ದಕ್ಷಿಣದ ದೇಶಗಳಲ್ಲಿ ಮಧ್ಯಾಹ್ನ ಸೂರ್ಯ ಉತ್ತರಕ್ಕಿರುತ್ತಾನೆ. ಮೈದಾನದ ದಕ್ಷಿಣ ಬದಿಯಲ್ಲಿ ಕೂತರೆ ಮುಖಕ್ಕೆ ಬಿಸಿಲು.

ಹಂತ 3: ವೀಸಾ

ಪಂದ್ಯದ ಟಿಕೆಟ್ ಇದ್ದರೆ ವೀಸಾ ಸಿಕ್ಕೇ ಸಿಗುತ್ತದೆ ಅಂತ ತಿಳಿದವರು ಬಹಳ. ಹಾಗೇನಿಲ್ಲ. 2018ರ ರಷ್ಯಾ ವಿಶ್ವಕಪ್‌ನಲ್ಲಿ ಫ್ಯಾನ್ ಐಡಿ ಇದ್ದವರು ವೀಸಾ ಇಲ್ಲದೆ ಹೋಗಬಹುದಿತ್ತು, 2022ರ ಕತಾರ್‌ನಲ್ಲಿ ಹಯ್ಯಾ ಕಾರ್ಡ್ ಆ ಕೆಲಸ ಮಾಡಿತು. ಅವೆರಡೂ ವಿಶೇಷ ಏರ್ಪಾಡು, ನಿಯಮ ಅಲ್ಲ. 2026ರ ಫುಟ್‌ಬಾಲ್ ವಿಶ್ವಕಪ್ ಅಮೆರಿಕ, ಕೆನಡಾ, ಮೆಕ್ಸಿಕೋ ಮೂರೂ ಕಡೆ ಹಂಚಿಹೋಗಿದೆ. 48 ತಂಡ, 104 ಪಂದ್ಯ, 16 ಊರು, ಆದರೆ ಮೂರು ದೇಶದ ಗಡಿಗಳಿಗೆ ಮೂರು ಬೇರೆ ಬೇರೆ ನಿಯಮ. ಇಂಥ ಕೂಟದಲ್ಲಿ ಒಂದೇ ದೇಶದೊಳಗಿನ ಪಂದ್ಯಗಳನ್ನು ಪೋಣಿಸಿಕೊಳ್ಳುವುದು ಜಾಣತನ. ಗಡಿ ದಾಟಿ ವಾಪಸ್ ಬರುವ ಯೋಜನೆ ಇದ್ದರೆ ವೀಸಾ ಒಂದೇ ಪ್ರವೇಶದ್ದೋ ಹಲವು ಪ್ರವೇಶದ್ದೋ ಅಂತ ನೋಡಿ.

ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿ ಸಲ್ಲುವ ಷೆಂಗೆನ್ ವೀಸಾ ಬೇಕಾದ ಪಾಸ್‌ಪೋರ್ಟ್ ನಿಮ್ಮದಾದರೆ ಪ್ರಯಾಣಕ್ಕೆ 6 ತಿಂಗಳು ಇರುವಾಗಲೇ ಅರ್ಜಿ ಹಾಕಬಹುದು, ಕೊನೆಯ ಗಡುವು 15 ದಿನ ಮುಂಚೆ. ಸಾಮಾನ್ಯವಾಗಿ 15 ದಿನದಲ್ಲಿ ತೀರ್ಮಾನ ಆಗಬೇಕು ಅಂತ ನಿಯಮ ಇದೆ, ಆದರೆ ನಿಜವಾದ ಕಾಯುವಿಕೆ ಅರ್ಜಿ ಕೊಡುವ ಅಪಾಯಿಂಟ್‌ಮೆಂಟ್‌ಗೆ. ಬೇಸಿಗೆಯ ದೊಡ್ಡ ಕೂಟದ ಹೊತ್ತಿಗೆ ಸ್ಲಾಟ್‌ಗಳು ಖಾಲಿಯಾಗಿರುತ್ತವೆ. ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ. ಷೆಂಗೆನ್ ದೇಶಗಳಿಂದ ವಾಪಸ್ ಹೊರಡುವ ದಿನದಿಂದ ಇನ್ನೂ ಮೂರು ತಿಂಗಳು ಪಾಸ್‌ಪೋರ್ಟ್ ಚಾಲ್ತಿಯಲ್ಲಿರಬೇಕು, ಷೆಂಗೆನ್ ಹೊರಗಿನ ಹಲವು ದೇಶಗಳು ಆರು ತಿಂಗಳು ಕೇಳುತ್ತವೆ. ಬ್ರಿಟನ್ ಷೆಂಗೆನ್‌ನಲ್ಲಿ ಇಲ್ಲ ಅನ್ನುವುದು ನೆನಪಿರಲಿ. ಲಂಡನ್ನಿನಲ್ಲಿ ಒಂದು ಪಂದ್ಯ, ಪ್ಯಾರಿಸ್ಸಿನಲ್ಲಿ ಒಂದು ಪಂದ್ಯ ಅಂದರೆ ಎರಡು ಕಡೆಯ ನಿಯಮವನ್ನೂ ನೋಡಬೇಕು.

ವೀಸಾಕ್ಕೆ ರೂಮಿನ ಬುಕಿಂಗ್ ತೋರಿಸಬೇಕಾಗುತ್ತದೆ. ರದ್ದು ಮಾಡಿದರೆ ಪೂರ್ತಿ ದುಡ್ಡು ಬರುವಂಥದ್ದನ್ನೇ ಮಾಡಿ.

ಹಂತ 4: ವಿಮಾನ, ರೂಮು, ವಿಮೆ

ಟಿಕೆಟ್ ಕೈಗೆ ಬಂತು, ವೀಸಾ ಬಂತು. ಈಗ ವಿಮಾನ. ಪಂದ್ಯದ ದಿನ ಬೆಳಿಗ್ಗೆ ಇಳಿಯುವ ವಿಮಾನ ಬೇಡವೇ ಬೇಡ. ವಿಮಾನ ತಡ ಆದರೆ ಪಂದ್ಯ ಹೋಯಿತು, ತಡ ಆಗದಿದ್ದರೂ ನಿದ್ದೆಗಣ್ಣಿನಲ್ಲಿ ಕೂತು ನೋಡಬೇಕು. ಕನಿಷ್ಠ ಎರಡು ದಿನ ಮುಂಚೆ ಹೋಗಿ. ಬ್ಯಾಗ್ ಕಳೆದುಹೋದರೂ ಹುಡುಕಲು ಸಮಯ ಇರುತ್ತದೆ.

ರೂಮನ್ನು ಮೈದಾನದ ಪಕ್ಕದಲ್ಲಿ ಹುಡುಕಬೇಡಿ, ಮೈದಾನಕ್ಕೆ ಹೋಗುವ ರೈಲಿನ ದಾರಿಯಲ್ಲಿ ಹುಡುಕಿ. ಪಂದ್ಯದ ವಾರ ಮೈದಾನದ ಹತ್ತಿರದ ರೂಮುಗಳ ಬೆಲೆ ಆಕಾಶಕ್ಕೆ ಹೋಗಿರುತ್ತದೆ. ಲಂಡನ್ನಿನ ವೆಂಬ್ಲಿ ಮೈದಾನಕ್ಕೆ ಜೂಬಿಲಿ, ಮೆಟ್ರೋಪಾಲಿಟನ್ ಎರಡೂ ಮೆಟ್ರೋ ಮಾರ್ಗ ಬರುತ್ತವೆ, ಆ ಮಾರ್ಗಗಳ ಯಾವ ನಿಲ್ದಾಣದ ಹತ್ತಿರ ಉಳಿದರೂ ಆಯಿತು. ರೇಸ್ ಟ್ರ್ಯಾಕ್‌ಗಳ ಕಥೆ ಬೇರೆ. ಬೆಲ್ಜಿಯಂನ ಸ್ಪಾ ಇರುವುದು ಆರ್ಡೆನ್ ಕಾಡಿನ ನಡುವೆ, ಇಂಗ್ಲೆಂಡಿನ ಸಿಲ್ವರ್‌ಸ್ಟೋನ್ ಹಳ್ಳಿಗಾಡಿನಲ್ಲಿ. ಅಲ್ಲಿ ಟೆಂಟ್ ಹಾಕುವ ಜಾಗ ಹಿಡಿಯಬೇಕು, ಇಲ್ಲವೇ ಪಕ್ಕದ ದೊಡ್ಡ ಊರಿನಿಂದ ಬರುವ ಬಸ್ಸನ್ನು ಮುಂಚೆಯೇ ಬುಕ್ ಮಾಡಬೇಕು. ಕೆಲವು ಕೂಟಗಳಲ್ಲಿ ಪಂದ್ಯದ ಟಿಕೆಟ್ ಜೊತೆ ಸ್ಥಳೀಯ ಪ್ರಯಾಣವೂ ಸೇರಿರುತ್ತದೆ. 2024ರಲ್ಲಿ ಜರ್ಮನಿಯ ಯೂರೋ ಫುಟ್‌ಬಾಲ್ ಕೂಟದಲ್ಲಿ ಟಿಕೆಟ್ ಇದ್ದವರಿಗೆ 36 ಗಂಟೆ ಸ್ಥಳೀಯ ಸಾರಿಗೆ ಉಚಿತವಿತ್ತು. ಸುಮ್ನೆ ಬೇರೆ ಪಾಸ್ ಕೊಂಡುಕೊಳ್ಳುವ ಮೊದಲು ಇದನ್ನೊಮ್ಮೆ ನೋಡಿ.

ವಿಮೆಯ ಕಾಗದ ಓದಲು ಬೇಜಾರು, ಗೊತ್ತು. ಆದರೂ ಒಂದು ಸಾಲನ್ನು ಹುಡುಕಿ: ಪಂದ್ಯವೇ ರದ್ದಾದರೆ ಏನು? 2019ರ ಜಪಾನ್ ರಗ್ಬಿ ವಿಶ್ವಕಪ್‌ನಲ್ಲಿ ಹಗಿಬಿಸ್ ಚಂಡಮಾರುತಕ್ಕೆ ಮೂರು ಪಂದ್ಯ ರದ್ದಾದವು. ಟಿಕೆಟ್ ದುಡ್ಡು ವಾಪಸ್ ಬಂತು. ಪಂದ್ಯದ ಆಯೋಜಕರು ಕೊಡುವುದು ಅಷ್ಟನ್ನೇ, ನಿಮ್ಮ ವಿಮಾನ, ರೂಮಿನ ಖರ್ಚು ಅವರ ತಲೆನೋವಲ್ಲ. 2021ರ ಸ್ಪಾ ರೇಸ್‌ನಲ್ಲಿ ಇನ್ನೂ ವಿಚಿತ್ರ. ಗಂಟೆಗಟ್ಟಲೆ ಮಳೆಯಲ್ಲಿ ಕಾದವರಿಗೆ ವೇಗ ತಗ್ಗಿಸಲು ಮುಂದೆ ಓಡುವ ಸೇಫ್ಟಿ ಕಾರಿನ ಹಿಂದೆ ಕೆಲವೇ ಸುತ್ತು ಕಂಡವು, ಚಾಲಕರಿಗೆ ಎಂದಿನ ಅರ್ಧದಷ್ಟು ಅಂಕ ಸಿಕ್ಕಿತು, ಲೆಕ್ಕಕ್ಕೆ ಅದೂ ಒಂದು ರೇಸ್! ಟೆಸ್ಟ್ ಕ್ರಿಕೆಟ್‌ನಲ್ಲಿ ಮಳೆ ಬಂದರೆ ಅವತ್ತು ಎಷ್ಟು ಓವರ್ ಆಯಿತು ಅನ್ನುವುದರ ಮೇಲೆ ದುಡ್ಡು ವಾಪಸ್ ನಿರ್ಧಾರ ಆಗುವುದುಂಟು, ಟಿಕೆಟಿನ ನಿಯಮದಲ್ಲಿ ಅದು ಇರುತ್ತದೆ.

ಹಂತ 5: ಪಂದ್ಯದ ದಿನ

ಮೊದಲು ಫೋನು. ಟಿಕೆಟ್ ಇರುವುದು ಅದರಲ್ಲೇ. ಹಿಂದಿನ ರಾತ್ರಿಯೇ ಆ್ಯಪ್ ತೆರೆದು, ಟಿಕೆಟನ್ನು ಫೋನಿನ ವಾಲೆಟ್‌ಗೆ ಸೇರಿಸಿ. ಹತ್ತಾರು ಸಾವಿರ ಜನ ಒಂದೇ ಕಡೆ ಸೇರಿದಾಗ ನೆಟ್‌ವರ್ಕ್ ಸತ್ತುಹೋಗುತ್ತದೆ, ಗೇಟಿನ ಮುಂದೆ ನಿಂತು ಪಾಸ್‌ವರ್ಡ್ ನೆನಪಿಸಿಕೊಳ್ಳುವ ಕಷ್ಟ ಯಾರಿಗೂ ಬೇಡ. ಆ ದೇಶದ ಇ-ಸಿಮ್ ಹಾಕಿಕೊಂಡರೆ ಲಾಗಿನ್‌ನ ಓಟಿಪಿ ಮಾತ್ರ ಹಳೆಯ ನಂಬರಿಗೇ ಬರುತ್ತದೆ, ಆ ಸಿಮ್ಮನ್ನು ಆಫ್ ಮಾಡಬೇಡಿ. ಪವರ್ ಬ್ಯಾಂಕ್ ವಿಮಾನದಲ್ಲಿ ಕೈಚೀಲದಲ್ಲೇ ಇರಬೇಕು, ಮೈದಾನದೊಳಗೆ ಬಿಡುತ್ತಾರೋ ಇಲ್ಲವೋ ಅಂತ ಬೇರೆ ನೋಡಬೇಕು.

ಬ್ಯಾಗ್‌ನದು ದೊಡ್ಡ ರಗಳೆ. ಅಮೆರಿಕನ್ ಫುಟ್‌ಬಾಲ್‌ನ ಲೀಗ್ ಆದ ಎನ್‌ಎಫ್‌ಎಲ್ ಪಂದ್ಯಗಳಿಗೆ ಪಾರದರ್ಶಕ ಬ್ಯಾಗೇ ಆಗಬೇಕು, ಅದೂ 12 ಇಂಚು ಉದ್ದ, 12 ಇಂಚು ಎತ್ತರ, 6 ಇಂಚು ಅಗಲದ ಒಳಗೆ. ಬ್ರಿಟನ್ನಿನ ಹಲವು ಫುಟ್‌ಬಾಲ್ ಮೈದಾನಗಳಲ್ಲಿ ಎ4 ಹಾಳೆಗಿಂತ ದೊಡ್ಡ ಬ್ಯಾಗ್ ಬಿಡುವುದಿಲ್ಲ. ರೂಮು ಖಾಲಿ ಮಾಡಿ ಬೆನ್ನಿಗೆ ಚೀಲ ಹಾಕಿಕೊಂಡು ನೇರ ಮೈದಾನಕ್ಕೆ ಬಂದವರು ಗೇಟಿನಲ್ಲಿ ಪರದಾಡುವುದನ್ನು ನೋಡಿದ್ದೇನೆ. ಉದ್ದ ಲೆನ್ಸಿನ ಕ್ಯಾಮೆರಾಕ್ಕೂ ಎಷ್ಟೋ ಕಡೆ ಅವಕಾಶ ಇಲ್ಲ. ಸುಮ್ನೆ ರೂಮಿನಲ್ಲೇ ಬಿಡಿ.

ಬಟ್ಟೆಯ ಬಗ್ಗೆ ಒಂದೇ ಎಚ್ಚರಿಕೆ, ಅದೂ ಫುಟ್‌ಬಾಲ್‌ಗೆ. ತವರು ತಂಡದವರ ಭಾಗದಲ್ಲಿ ಎದುರಾಳಿಯ ಜೆರ್ಸಿ ಹಾಕಿಕೊಂಡು ಕೂರಬೇಡಿ, ಎದುರಾಳಿ ಗೋಲು ಹೊಡೆದಾಗ ಕುಣಿಯಲೂ ಬೇಡಿ. ಜಗಳ ಆಗದಿದ್ದರೂ ಸಿಬ್ಬಂದಿ ಹೊರಗೆ ಕಳಿಸುತ್ತಾರೆ. ಇಂಗ್ಲೆಂಡಿನಲ್ಲಿ ದೊಡ್ಡ ಲೀಗ್ ಪಂದ್ಯ ನಡೆಯುವಾಗ ಮೈದಾನ ಕಾಣುವ ಜಾಗದಲ್ಲಿ ಮದ್ಯ ಕುಡಿಯುವ ಹಾಗೂ ಇಲ್ಲ, ಅದು 1985ರ ಕಾನೂನು. ಕ್ರಿಕೆಟ್‌ಗೆ, ರಗ್ಬಿಗೆ ಆ ಕಟ್ಟುಪಾಡು ಇಲ್ಲ, ಎದುರಾಳಿ ಅಭಿಮಾನಿಗಳು ಅಕ್ಕಪಕ್ಕ ಕೂತೇ ನೋಡುತ್ತಾರೆ. ಫಾರ್ಮುಲಾ 1ಕ್ಕೆ ಹೋಗುವವರು ಕಿವಿಗೆ ಇಯರ್‌ಪ್ಲಗ್ ಒಯ್ಯಿರಿ, ಮಕ್ಕಳಿದ್ದರಂತೂ ಬೇಕೇ ಬೇಕು.

ಮುಂಚೆ ಹೋಗಿ. ಎಷ್ಟು ಮುಂಚೆ? ಲೀಗ್ ಪಂದ್ಯಕ್ಕೆ ಒಂದೂವರೆ ಗಂಟೆ, ಫೈನಲ್‌ಗೆ ಮೂರು ಗಂಟೆ. 2022ರ ಚಾಂಪಿಯನ್ಸ್ ಲೀಗ್ ಫುಟ್‌ಬಾಲ್ ಫೈನಲ್‌ನಲ್ಲಿ ಪ್ಯಾರಿಸ್‌ನ ಮೈದಾನದ ಹೊರಗೆ ಜನ ಸಿಕ್ಕಿಹಾಕಿಕೊಂಡು ಪಂದ್ಯವೇ 36 ನಿಮಿಷ ತಡವಾಗಿ ಶುರುವಾಯಿತು. ಬೇಗ ಹೋದರೆ ಆಟಗಾರರ ಅಭ್ಯಾಸವೂ ನೋಡಲು ಸಿಗುತ್ತದೆ, ಟಿವಿಯಲ್ಲಿ ಕಾಣದ ಭಾಗ ಅದೇ.

ಒಳಗೆ ಏನಾದರೂ ಕೊಳ್ಳುವಾಗ ಕಾರ್ಡ್ ಯಂತ್ರ ‘ನಿಮ್ಮ ದೇಶದ ದುಡ್ಡಿನಲ್ಲಿ ಕಟ್ಟುತ್ತೀರಾ’ ಅಂತ ಕೇಳಿದರೆ ಬೇಡ ಅನ್ನಿ, ಅಲ್ಲಿಯ ಕರೆನ್ಸಿಯನ್ನೇ ಒತ್ತಿ. ಇಲ್ಲದಿದ್ದರೆ ಅವರು ಇಟ್ಟ ದರಕ್ಕೆ ಕೈಸುಟ್ಟುಕೊಳ್ಳಬೇಕಾಗುತ್ತದೆ. ನಗದು ಒಯ್ದರೆ ಸಾಕು ಅಂತಲೂ ಅಂದುಕೊಳ್ಳಬೇಡಿ, ಎಷ್ಟೋ ಮೈದಾನಗಳು ಈಗ ನೋಟು ಮುಟ್ಟುವುದೇ ಇಲ್ಲ.

ಹಂತ 6: ವಾಪಸ್ ರೂಮಿಗೆ

ಎಲ್ಲರೂ ಹೋಗುವ ದಾರಿ ನೋಡಿಕೊಳ್ಳುತ್ತಾರೆ, ಬರುವ ದಾರಿ ಯಾರೂ ನೋಡುವುದಿಲ್ಲ. ರಾತ್ರಿ 8ಕ್ಕೆ ಶುರುವಾಗುವ ನಾಕೌಟ್ ಪಂದ್ಯ ಹೆಚ್ಚುವರಿ ಸಮಯ, ಪೆನಾಲ್ಟಿ ಅಂತ ಎಳೆದರೆ 11 ಹತ್ತಿರ ಆಗುತ್ತದೆ. ಟೆನಿಸ್‌ನ ರಾತ್ರಿ ಪಂದ್ಯಕ್ಕೆ ಗಡಿಯಾರವೇ ಇಲ್ಲ, ವಿಂಬಲ್ಡನ್‌ನಲ್ಲಿ ಮಾತ್ರ 11 ಗಂಟೆಗೆ ಆಟ ನಿಲ್ಲಿಸುತ್ತಾರೆ. ಬೆಳಿಗ್ಗೆಯೇ ಕೊನೆಯ ರೈಲಿನ ಸಮಯ ಬರೆದುಕೊಳ್ಳಿ, ಅದು ತಪ್ಪಿದರೆ ರಾತ್ರಿ ಬಸ್ ಯಾವುದು ಅನ್ನುವುದನ್ನೂ. ಒಮ್ಮೆ ಕೊನೆಯ ರೈಲು ತಪ್ಪಿಸಿಕೊಂಡು ಗೊತ್ತಿಲ್ಲದ ಊರಿನ ನಿಲ್ದಾಣದ ಬೆಂಚಿನ ಮೇಲೆ ಬೆಳಗು ಮಾಡಿದ್ದೇನೆ, ಅವತ್ತಿನಿಂದ ಈ ಚೀಟಿ ಬರೆಯುವ ಅಭ್ಯಾಸ.

ಶಿಳ್ಳೆ ಊದಿದ ಕೂಡಲೇ ಎಲ್ಲರೂ ಹತ್ತಿರದ ನಿಲ್ದಾಣಕ್ಕೆ ನುಗ್ಗುತ್ತಾರೆ. ನಿಮಗೆ ಎರಡು ದಾರಿ ಇದೆ. ಇಪ್ಪತ್ತು ನಿಮಿಷ ಸೀಟಿನಲ್ಲೇ ಕೂತು ಆಮೇಲೆ ಹೊರಡುವುದು ಒಂದು. ಇಲ್ಲವಾದರೆ ಹತ್ತಿರದ್ದನ್ನು ಬಿಟ್ಟು ಮುಂದಿನ ನಿಲ್ದಾಣಕ್ಕೆ ನಡೆದುಬಿಡುವುದು. ಆ್ಯಪ್‌ನಲ್ಲಿ ಕಾರು ಕರೆಯುವುದಾದರೂ ಮೈದಾನದಿಂದ ಒಂದು ಕಿಲೋಮೀಟರ್ ಆಚೆ ಹೋಗಿ ಕರೆಯಿರಿ, ಬೇಲಿ ಹಾಕಿದ ರಸ್ತೆಗೆ ಕಾರು ಬರುವುದೂ ಇಲ್ಲ, ಅಲ್ಲಿ ಬೆಲೆಯೂ ಜಾಸ್ತಿ. ಜೊತೆಯವರು ಗುಂಪಿನಲ್ಲಿ ತಪ್ಪಿದರೆ ಎಲ್ಲಿ ಸೇರಬೇಕು ಅಂತ ಒಳಗೆ ಹೋಗುವ ಮೊದಲೇ ಮಾತಾಡಿಕೊಳ್ಳಿ, ಗೇಟ್ ನಂಬರ್ ಬೇಡ, ಅದು ಮರೆತುಹೋಗುತ್ತದೆ, ದೂರದಿಂದಲೇ ಕಾಣುವ ಒಂದು ಪ್ರತಿಮೆಯೋ ಗೋಪುರವೋ ಇರಲಿ.